ಅಥಣಿಯ ಕಾಲ್ಮರಿ

ನಮ್ಮ ಮನೆಯಲ್ಲಿ ವಾದ ಶುರುವಾದದ್ದು ಒಂದು ಜೊತೆ ಚಪ್ಪಲಿಯಿಂದ. ಗೆಳತಿಯ ಮದುವೆಗೆಂದು ಮಗಳು ಮುಂಬಯಿಯ ಮಾಲೊಂದರಲ್ಲಿ ವಿದೇಶೀ ಹೆಸರಿನ ಸ್ಯಾಂಡಲ್ ನೋಡಿಟ್ಟು ಬಂದಿದ್ದಳು. ಬೆಲೆ 18,000 ರೂಪಾಯಿ. "ಸಂಬಳ ನನ್ನದು, ಕಾಲೂ ನನ್ನದು" ಎಂದಳು. ಮಾತೇನೋ ಸರಿಯೇ. ನಾನು ಸುಮ್ಮನಾದೆ.

ಅದೇ ದಿನಗಳಲ್ಲಿ, ಅಂದರೆ 2025ರ ಡಿಸೆಂಬರಿನಲ್ಲಿ, ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಅದಕ್ಕೂ ಮೊದಲು ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ತೊಡಿಸಿ, ಅದರ ಮೂಲದ ಹೆಸರು ಹೇಳದೆ ಟೀಕೆಗೆ ಗುರಿಯಾಗಿತ್ತು. ಆಮೇಲೆ ಅದು ಭಾರತದ ಕಸುಬಿನಿಂದ ಪ್ರೇರಿತವೆಂದು ಒಪ್ಪಿಕೊಂಡಿತು. ಈಗ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ನಮ್ಮ ಕುಶಲಕರ್ಮಿಗಳಿಂದಲೇ 2,000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಪ್ರಕಟಿಸಿತ್ತು. ನಮ್ಮ ಲೆಕ್ಕದಲ್ಲಿ 80,000 ರೂಪಾಯಿಗೂ ಮಿಕ್ಕಿ!

"ಕರ್ನಾಟಕ ಯಾಕಮ್ಮ ನಡುವೆ ಬಂತು? ಕೊಲ್ಹಾಪುರ ಮಹಾರಾಷ್ಟ್ರದಲ್ಲಿ ಅಲ್ಲವಾ?" ಎಂದಳು ಮಗಳು.

ನಿಮ್ಮಲ್ಲಿಯೂ ಎಷ್ಟೋ ಜನ ಹೀಗೇ ಕೇಳಬಹುದು. ಕೊಲ್ಹಾಪುರ ಈ ಚಪ್ಪಲಿಯ ಪೇಟೆ. ಮಾಡುವ ಕೈಗಳು ಗಡಿಯ ಎರಡೂ ಕಡೆ ಇವೆ. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಎಂಟು ಜಿಲ್ಲೆಗಳಲ್ಲಿ ನಾಲ್ಕು ನಮ್ಮವು. ಬೆಳಗಾವಿ ಜಿಲ್ಲೆಯ ಅಥಣಿ ನನ್ನ ತವರು. "ನಡಿ, ತೋರಿಸ್ತೀನಿ" ಎಂದೆ.

ಸಂಕ್ರಾಂತಿಯ ಹೊತ್ತಿಗೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಬೆಳಗಿನ ಜಾವ ಮಿರಜಿನಲ್ಲಿಳಿದೆವು. ಅಲ್ಲಿಂದ ಬಸ್ಸು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಕಾಗವಾಡಕ್ಕೆ ಬಂದರೆ ಅಂಗಡಿಗಳ ಬೋರ್ಡು ಕನ್ನಡಕ್ಕೆ ತಿರುಗಿರುತ್ತವೆ. ಚಹಾದ ರುಚಿ ಮಾತ್ರ ಅದೇ. ಮುಂದೆ ದ್ರಾಕ್ಷಿ ತೋಟಗಳು, ಕರಿ ಮಣ್ಣು, ಅಥಣಿ.

ಮರುದಿನ ಅಣ್ಣನ ಜೊತೆ ಚಪ್ಪಲಿ ಮಾಡುವವರ ಓಣಿಗೆ ಹೋದೆವು. ಒಂದು ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು. ಅಟ್ಟೆಗೆ ದಪ್ಪನೆಯ ಎಮ್ಮೆಯ ತೊಗಲು. ಅದನ್ನು ಹದ ಮಾಡುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ. ಆ ಜೇನುಬಣ್ಣ ಬರುವುದು ಅದರಿಂದಲೇ. ಆತ ತೊಗಲನ್ನು ನೀರಿನಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ, ಬಡಿದು ಪದರು ಕೂಡಿಸುತ್ತಿದ್ದ. ಆರಿಯಿಂದ ತೂತು ಹಾಕಿ ತೊಗಲಿನ ದಾರದಿಂದಲೇ ಹೊಲಿಯುತ್ತಿದ್ದ. ಒಂದೂ ಮೊಳೆಯಿಲ್ಲ. ಮೇಲಿನ ಪಟ್ಟಿಗೆ ಕೂದಲೆಳೆಯಂಥ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುವುದು ಆಕೆಯ ಕೆಲಸ. ಮಗಳು ಮೊಬೈಲ್ ಕೆಳಗಿಟ್ಟು ನೋಡುತ್ತ ಕೂತಳು.

ನನಗೆ ಬೇರೇನೋ ನೆನಪಾಯಿತು. ನಾನು ಸಣ್ಣವಳಿದ್ದಾಗ ನಮ್ಮಪ್ಪನಿಗೆ ಕಾಲ್ಮರಿ ತರುತ್ತಿದ್ದ ಮುದುಕ ಅಂಗಳದ ಆಚೆಗೇ ನಿಲ್ಲುತ್ತಿದ್ದ. ಜೋಳ ಅಳೆದು ಅವನ ಸೆರಗಿಗೆ ಸುರಿಯುತ್ತಿದ್ದರು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಹೊಯ್ದವರಲ್ಲಿ ನಾನೂ ಒಬ್ಬಳು. ಬಸವಣ್ಣನವರ ಜಯಂತಿಯಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮನವರ ಕಥೆಯನ್ನು ಶಾಲೆಯಲ್ಲಿ ಹೇಳಿ ಬಹುಮಾನ ತಂದವಳೂ ನಾನೇ. ಆ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದೂ, ಅವರು ಅದನ್ನು ಮೆಟ್ಟದೆ ತಲೆಯ ಮೇಲೆ ಇಟ್ಟುಕೊಂಡರೆಂದೂ ಕಥೆ. ಕಥೆಗೂ ಅಂಗಳಕ್ಕೂ ಸಂಬಂಧವಿದೆಯೆಂದು ಆಗ ನನಗೆ ಹೊಳೆದಿರಲಿಲ್ಲ.

"ನೀರ ಕುಡೀತೀರೇನ್ರಿ, ಅಕ್ಕಾರ?" ಎಂದು ಆಕೆ ಕೇಳಿದಳು. ಕೇಳುವಾಗ ದನಿ ಸ್ವಲ್ಪ ಅಳುಕಿತು. ನಾನು ಉತ್ತರಿಸುವುದರೊಳಗೆ ಮಗಳು ಲೋಟ ತೆಗೆದುಕೊಂಡು ಕುಡಿದು, ಇನ್ನೊಂದು ಲೋಟ ಕೇಳಿದಳು. ಆಮೇಲೆ ನಾನೂ ಕುಡಿದೆ.

ಮಗಳು ಹೆಣಿಗೆಯ ಪಟ್ಟಿಯ ಒಂದು ಜೊತೆ ಆರಿಸಿದಳು. ಆತ 1,200 ರೂಪಾಯಿ ಹೇಳಿದ. ಅಭ್ಯಾಸಬಲ, "800ಕ್ಕ ಕೊಡ್ರಿ" ಎಂದುಬಿಟ್ಟೆ. ಆತ ಸಿಟ್ಟಾಗಲಿಲ್ಲ. "ತೊಗಲು, ಸಾಮಾನಿಗೇ 500 ಹೋಗ್ತೈತ್ರಿ. ಇಬ್ರೂ ಕುಂತ್ರ ಎರಡ ದಿನದ ಕೆಲಸರಿ ಇದು" ಎಂದ. ಮಗಳು ಇಂಗ್ಲಿಷಿನಲ್ಲಿ ನನ್ನ ಕಿವಿಯಲ್ಲಿ ಲೆಕ್ಕ ಹೇಳಿದಳು. ಅವರು ಕೇಳಿದ ಬೆಲೆಗೆ ಒಬ್ಬರಿಗೆ ದಿನಕ್ಕೆ ಬೀಳುವುದು 175 ರೂಪಾಯಿ. ನಾನು ಕೇಳಿದ ಬೆಲೆಗೆ 75. "ಮಾಲ್‌ನಲ್ಲಿ ಯಾವತ್ತಾದರೂ ಚೌಕಾಸಿ ಮಾಡಿದೀಯಾ ಅಮ್ಮಾ?" ಎಂದಳು. ಮುಖ ಎಲ್ಲಿಡಲಿ ಎನ್ನುವಂತಾಯಿತು. 1,200 ಕೊಟ್ಟೆವು. ಆಕೆ ಕುಸುರೆಳ್ಳು ಕೊಟ್ಟಳು, ನಾನು ಕೈಯೊಡ್ಡಿ ತೆಗೆದುಕೊಂಡೆ.

ಅಥಣಿಗೆ ಹೋಗಲಾಗದವರಿಗೆ ನಾಲ್ಕು ಮಾತು. ರಬ್ಬರು, ರೆಕ್ಸಿನ್‌ಗಳ ನಕಲಿಗಳು ಎಲ್ಲ ಪೇಟೆಗಳಲ್ಲೂ ತುಂಬಿವೆ. ಅಟ್ಟೆಯ ಅಂಚು ನೋಡಿ, ತೊಗಲಿನ ಪದರುಗಳು ಕಾಣಬೇಕು. ಮೂಸಿ ನೋಡಿ, ತೊಗಲಿನ ವಾಸನೆ ಬರಬೇಕು. ಹೊಲಿಗೆ ತೊಗಲಿನ ದಾರದ್ದಿರಬೇಕು. ತುಸು ಬಿಗಿಯಾದದ್ದನ್ನೇ ಕೊಳ್ಳಿ, ಮೆಟ್ಟಿದಂತೆ ಹಿಗ್ಗುತ್ತದೆ. ಮೊದಲ ವಾರ ಕಚ್ಚುತ್ತದೆ. ಪಟ್ಟಿಯ ಒಳಬದಿಗೆ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಸವರಿ, ಮನೆಯಲ್ಲಿ ದಿನಕ್ಕೊಂದು ಗಂಟೆ ಹಾಕಿಕೊಂಡು ಓಡಾಡಿ. ಮುಂಬಯಿ ಮಳೆಗೆ ಮಾತ್ರ ತೋರಿಸಬೇಡಿ. ನೆನೆದರೆ ಬಿಸಿಲಿಗೂ ಇಡಬೇಡಿ, ನೆರಳಿನಲ್ಲಿ ಒಣಗಿಸಿ. ಮಳೆಗಾಲ ಮುಗಿಯುವ ತನಕ ಕಾಗದದಲ್ಲಿ ಸುತ್ತಿಡಿ.

ಮದುವೆಗೆ ಮಗಳು ರೇಷ್ಮೆ ಸೀರೆಯುಟ್ಟು ಅಥಣಿಯ ಚಪ್ಪಲಿಯನ್ನೇ ಮೆಟ್ಟಿ ಹೋದಳು. ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಂಡಿದ್ದಳೆಂಬುದನ್ನೂ ಹೇಳಿಬಿಡುತ್ತೇನೆ. ಎಲ್ಲಿ ತೆಗೆದುಕೊಂಡಿ ಎಂದು ಕೇಳಿದವರಿಗೆಲ್ಲ "ನನ್ನ ಅಜ್ಜಿಯ ಊರಿನದು" ಎಂದಳಂತೆ. 18,000ದ ಸ್ಯಾಂಡಲನ್ನು ಮುಂದೆ ಕೊಂಡರೂ ಕೊಳ್ಳಲಿ, ನನ್ನ ತಕರಾರಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ನೀವೂ ಆ ಓಣಿಗಳಿಗೆ ಹೋಗಿ ಬನ್ನಿ. ಅಗ್ಗವೆಂದು ಹೋದರೂ ಅಡ್ಡಿಯಿಲ್ಲ. ಆದರೆ ಅವರು ಹೇಳಿದ ಬೆಲೆ ಕೊಡಿ, ಅವರು ಕೊಟ್ಟ ನೀರು ಕುಡಿಯಿರಿ. ನಮ್ಮ ಪೀಳಿಗೆಯ ಬಾಕಿ ಸ್ವಲ್ಪವಾದರೂ ತೀರಲಿ.