ಹಸಿರು ಶಾಲಿನ ನ್ಯಾಯಶಾಸ್ತ್ರಿಗಳು

ಉಯ್ಯಂಬಳ್ಳಿಯ ನಮ್ಮ ಮನೆಯಲ್ಲಿ ಕಾನೂನೆಂಬುದು ಬಹುಕಾಲದಿಂದ ಭಯದ ವಸ್ತುವಾಗಿದ್ದಿತು. ಠಾಣೆಯ ಮೆಟ್ಟಿಲು ಹತ್ತಬಾರದೆಂಬುದೇ ಹಿರಿಯರು ನಮಗೆ ಬಿಟ್ಟುಹೋದ ಬುದ್ಧಿವಾದ. ಹೀಗಿರಲು ಕೆಲವು ವರ್ಷಗಳ ಹಿಂದೆ ಕಾಡಾನೆಗಳು ರಾಗಿಯ ಹೊಲಗಳನ್ನು ತುಳಿದುಹಾಕಿದುವು. ಪರಿಹಾರ ಕೇಳಿ ರಸ್ತೆಯಲ್ಲಿ ಕುಳಿತ ರೈತರೊಡನೆ ನಮ್ಮ ತಂಗಿಯ ಮಗನನ್ನೂ ಪೋಲೀಸರು ಹಿಡಿದೊಯ್ದರು. ತಂಗಿಯು ಅಳುತ್ತ ಬಂದಾಗ ನಾವು, "ಬೇಡವೆಂದರೂ ಹೋದನಲ್ಲ, ಅನುಭವಿಸಲಿ, ತಪ್ಪು ಮಾಡಿದವನಿಗೆ ವಕೀಲರೇತಕ್ಕೆ?" ಎಂದು ಗದರಿಬಿಟ್ಟೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ತಾರುಣ್ಯದಲ್ಲಿ ಸಭೆಯೊಂದರಲ್ಲಿ ದೂರದಿಂದ ಕಂಡಿದ್ದ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರು ನೆನಪಿಗೆ ಬಂದರು. ಅವರು ನ್ಯಾಯಶಾಸ್ತ್ರದ ಅಧ್ಯಾಪಕರು. 1980ರಲ್ಲಿ ನರಗುಂದ ನವಲಗುಂದಗಳಲ್ಲಿ ರೈತರು ಗುಂಡೇಟಿಗೆ ಬಲಿಯಾದ ಬಳಿಕ ಹುಟ್ಟಿದ ರೈತಸಂಘದ ಮುಂದಾಳಾಗಿ, ತರಗತಿಯ ವಿದ್ಯೆಯನ್ನು ಹೊಲದ ಬದುವಿಗೆ ತಂದರು. ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂಬ ಹಲಗೆಗಳು ಊರೂರಿನ ಬಾಗಿಲಲ್ಲಿ ನಿಂತುವು. ಅವರು ತಾವೂ ಸೆರೆಮನೆ ಕಂಡರು, ವಿಧಾನಸಭೆಗೆ ಆಯ್ಕೆಯಾದರು, 2004ರಲ್ಲಿ ತೀರಿಕೊಂಡರು.

ಅವರು ಮಾಡಿದುದೆಲ್ಲ ನಮಗೆ ಒಪ್ಪಿಗೆಯಲ್ಲ. 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಛೇರಿಯ ಕಾಗದಪತ್ರಗಳನ್ನು ರೈತರು ಸುಟ್ಟುದು ಇಂದಿಗೂ ನಮಗೆ ಸರಿದೋರದು. ಸಂವಿಧಾನದ 19ನೆಯ ವಿಧಿಯು ಸಭೆ ಸೇರುವ ಹಕ್ಕನ್ನು ಶಾಂತಿಯಿಂದ, ಆಯುಧವಿಲ್ಲದೆ ಸೇರುವವರಿಗೆ ಮಾತ್ರ ಕೊಟ್ಟಿದೆ. ಆದರೆ 22ನೆಯ ವಿಧಿಯನ್ನು ನೋಡಿರಿ: ಬಂಧಿತನಿಗೆ ಕಾರಣ ತಿಳಿಸಬೇಕು, ತಾನು ಬಯಸಿದ ವಕೀಲರನ್ನು ಕಾಣಗೊಡಬೇಕು, ಪ್ರಯಾಣದ ವೇಳೆ ಕಳೆದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇಲ್ಲಿ ಒಳ್ಳೆಯವನು ಕೆಟ್ಟವನು ಎಂಬ ಭೇದವಿಲ್ಲ. ಇಂಥವನ ಪರ ವಾದಿಸೆವೆಂದು ವಕೀಲರ ಸಂಘಗಳು ಮಾಡುವ ನಿರ್ಣಯವು ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಪ್ರತಿಭಟನೆಯ ಹಕ್ಕಿಗೆ ಎಲ್ಲೆಯುಂಟು. ರಕ್ಷಣೆಯ ವಾದವಾದರೋ ಎಲ್ಲೆ ಮೀರಿದವನಿಗೂ ಸಲ್ಲತಕ್ಕದ್ದು. ತಪ್ಪು ನಡೆದಿದೆಯೇ ಎಂಬುದನ್ನು ನಿರ್ಣಯಿಸುವುದು ನ್ಯಾಯಸ್ಥಾನವೇ ಹೊರತು ಸೋದರಮಾವನಲ್ಲ!

ಬೆಳಗಾಗುತ್ತಲೇ ಕನಕಪುರದ ಬಸ್ಸು ಹತ್ತಿದೆವು. ಬಂಧನದಲ್ಲಿರುವವನಿಗೆ 1987ರ ಕಾಯಿದೆಯಂತೆ ಶುಲ್ಕವಿಲ್ಲದೆ ವಕೀಲರು ದೊರೆಯುವರೆಂಬುದನ್ನು ಅಂದೇ ತಿಳಿದೆವು. ಸಂಜೆಯೊಳಗೆ ಹುಡುಗನಿಗೆ ಜಾಮೀನು ದೊರೆಯಿತು. ಮನೆಗೆ ಬರುವಾಗ ಅವನು, "ಮಾವ, ನೀವು ಬರುವಿರೆಂದು ನಾನು ಎಣಿಸಿರಲಿಲ್ಲ" ಎಂದನು. ಆ ಮಾತು ಈಗಲೂ ನಮ್ಮನ್ನು ಚುಚ್ಚುತ್ತದೆ.

ಗೃಹಸ್ಥರಾದ ವಾಚಕರು ಮಕ್ಕಳನ್ನು ಬೇಕಾದರೆ ಆಮೇಲೆ ಗದರಲಿ. ಮೊದಲು ವಕೀಲರನ್ನು ಕರೆಯಲಿ.