ಅಡ್ಡಹೆಸರುಗಳ ಇಟಲಿ

ಕಬ್ಬಿಣದ ಲ್ಯಾಟಿನ್ ಹೆಸರು ‘ಫೆರಮ್’ ಎಂದು ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಫೆರಾರಿ ಕಾರು, ಫೆರೆರೊ ಚಾಕೊಲೇಟುಗಳ ಹೆಸರನ್ನೂ ಕೇಳಿರುತ್ತಾರೆ. ಅಚ್ಚರಿಯೆಂದರೆ ಈ ಮೂರೂ ಒಂದೇ ಬೇರಿನವು! ಫೆರಾರಿ, ಫೆರೆರೊ ಎರಡೂ ಇಟಲಿಯ ಅಡ್ಡಹೆಸರುಗಳು. ಎರಡರ ಮೂಲಾರ್ಥವೂ ‘ಕಮ್ಮಾರ’.

ಇಟಲಿಯ ಭೂಪಟ ತೆರೆದಿಟ್ಟುಕೊಂಡು ಉತ್ತರದಿಂದ ಹೊರಡೋಣ. ಆಲ್ಪ್ಸ್ ಬುಡದ ಪಿಯೆಮಾಂಟ್ ಪ್ರಾಂತದಲ್ಲಿ ಕಮ್ಮಾರನ ಮನೆತನ ಫೆರೆರೊ. ಚಾಕೊಲೇಟ್ ಕಂಪೆನಿ 1946ರಲ್ಲಿ ಆರಂಭವಾದದ್ದು ಇಲ್ಲಿನ ಆಲ್ಬಾ ಪಟ್ಟಣದಲ್ಲಿ. ಪೂರ್ವಕ್ಕೆ ಪೋ ನದಿಯ ಬಯಲಿಗೆ ಬಂದರೆ ಅದೇ ಹೆಸರು ಫೆರಾರಿ ಆಗುತ್ತದೆ. ಕಾರು ತಯಾರಿಸಿದ ಎಂಜೊ ಫೆರಾರಿ 1898ರಲ್ಲಿ ಹುಟ್ಟಿದ ಮೊಡೆನಾ ನಗರ ಈ ಬಯಲಿನಲ್ಲಿದೆ. ದಕ್ಷಿಣಕ್ಕಿಳಿದರೆ ಫೆರಾರೊ. ಕೆಂಗೂದಲಿನವನ ವಂಶವೂ ಹೀಗೆಯೇ: ಉತ್ತರದಲ್ಲಿ ರೊಸ್ಸಿ, ದಕ್ಷಿಣದಲ್ಲಿ ರುಸ್ಸೊ.

ಈ ವ್ಯತ್ಯಾಸ ಏಕೆ? ಇಟಲಿ ಒಂದು ರಾಷ್ಟ್ರವಾದದ್ದು 1861ರಲ್ಲಿ. ಅದಕ್ಕೂ ಮೊದಲು ಅದು ಹಲವು ರಾಜ್ಯಗಳ, ಹಲವು ಆಡುನುಡಿಗಳ ನಾಡು. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯ ಕಟ್ಟಳೆಯಂತೆ ಚರ್ಚುಗಳು ದೀಕ್ಷಾಸ್ನಾನ, ಮದುವೆಗಳ ದಾಖಲೆ ಇಡತೊಡಗಿದವು. ಪಾದ್ರಿಯ ಕಿವಿಗೆ ಬಿದ್ದ ಉಚ್ಚಾರವೇ ಪುಸ್ತಕಕ್ಕೇರಿತು. ಬರಬರುತ್ತ ವಂಶದ ಹೆಸರಾಗಿ ನಿಂತಿತು.

ಪಯಣದ ಕೊನೆಗೆ ನೇಪಲ್ಸ್ ನಗರ. ಇಲ್ಲಿನ ಅನುನ್ಸಿಯಾತಾ ಅನಾಥಾಲಯದ ಗೋಡೆಯಲ್ಲಿ ಮರದ ತಿರುಗುಗೂಡೊಂದಿತ್ತು. ಸಾಕಲಾಗದ ತಾಯಿ ಹೊರಗಿನಿಂದ ಕೂಸನ್ನು ಅದರಲ್ಲಿಟ್ಟು ಹೊರಟುಹೋಗುತ್ತಿದ್ದಳು. ಒಳಗಿದ್ದವರು ಗೂಡು ತಿರುಗಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ತಾಯಿಯ ಮುಖ ಯಾರಿಗೂ ಕಾಣುತ್ತಿರಲಿಲ್ಲ. 1875ರಲ್ಲಿ ಆ ಗೂಡನ್ನು ಮುಚ್ಚಲಾಯಿತು.

ಇಂಥ ಮಕ್ಕಳಿಗೆ ಇಡುತ್ತಿದ್ದ ಹೆಸರು ಎಸ್ಪೊಸಿಟೊ. ‘ಹೊರಗೆ ಇಡಲ್ಪಟ್ಟವನು’ ಎಂದರ್ಥ. ಬೊಲೋನ್ಯಾ ಕಡೆ ಇದೇ ಹೆಸರು ‘ದೆಲ್ಯಿ ಎಸ್ಪೊಸ್ತಿ’ ಆಯಿತು. ಫ್ಲಾರೆನ್ಸಿನಲ್ಲಿ 1445ರಲ್ಲಿ ತೆರೆದ ಅನಾಥಾಲಯದ ಮಕ್ಕಳಿಗೆ ಮಾತ್ರ ಇನೊಚೆಂತಿ, ಅಂದರೆ ‘ನಿಷ್ಪಾಪಿಗಳು’ ಎಂಬ ಹೆಸರು. ಸ್ಥಿತಿ ಒಂದೇ, ಒಂದು ಹೆಸರು ಮಗುವಿಗೆ ಒದಗಿದ ಗತಿಯನ್ನು ಜೀವನವಿಡೀ ಸಾರುತ್ತಿತ್ತು, ಇನ್ನೊಂದು ಅದರ ತಪ್ಪೇನೂ ಇಲ್ಲವೆಂದು ಹೇಳುತ್ತಿತ್ತು.

ಎಸ್ಪೊಸಿಟೊ ಈಗ ನೇಪಲ್ಸಿನ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಒಂದು. ಶಾಲೆಯ ಹಾಜರಿ ಪುಸ್ತಕದಲ್ಲಿ, ಅಂಗಡಿಯ ಫಲಕದಲ್ಲಿ ಅದನ್ನು ಕಂಡು ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಹೆತ್ತವರ ಗುರುತಿಲ್ಲದ ಕೂಸುಗಳೇ ಎಷ್ಟೋ ಮನೆತನಗಳ ಮೂಲಪುರುಷರಾದರು.