ಚಳಿಗಾಲವಿಲ್ಲದ ಬಳ್ಳಿ

ಚೆನ್ನೈನಲ್ಲಿ ನೆಲೆಸಿದ ಕನ್ನಡಿಗನಿಗೆ ಕಾವೇರಿಯ ಮಾತೆತ್ತಿದಾಗ ಬರುವ ಧರ್ಮಸಂಕಟ ಕೋಯಂಬೇಡಿನ ಹಣ್ಣಿನ ಮಂಡಿಯಲ್ಲೂ ಬರುತ್ತದೆ. ಒಂದು ಕಡೆ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ, ಪಕ್ಕದ ಕ್ರೇಟಿನಲ್ಲಿ ನಮ್ಮ ಬೆಂಗಳೂರು ಬ್ಲೂ. ಎರಡೂ ಕಪ್ಪು, ಎರಡರಲ್ಲೂ ಬೀಜ, ಎರಡಕ್ಕೂ ಜಿಐ ಮನ್ನಣೆ. "ಎದು ವೇಣುಂ ಸಾರ್?" ಎಂದರೆ ಅರ್ಧರ್ಧ ಕಿಲೋ ತೂಗಿಸಿ ರಾಜಿಯಾಗುತ್ತೇನೆ.

ಬೆಂಗಳೂರು ಬ್ಲೂ ತಿನ್ನಲು ಪುರುಸೊತ್ತು ಬೇಕು. ತೊಟ್ಟು ಕಿತ್ತ ಬಾಯನ್ನು ತುಟಿಗಿಟ್ಟು ಹಿಚುಕಿದರೆ ಹಸಿರು ತಿರುಳು ಇಡಿಯಾಗಿ ಜಾರಿ ನಾಲಿಗೆಗೆ ಬೀಳುತ್ತದೆ. ಬೆರಳಲ್ಲಿ ಉಳಿದ ಸಿಪ್ಪೆಯನ್ನು ಎಸೆಯುವ ಮುಂಚೆ ಒಮ್ಮೆ ಅಗಿಯಬೇಕು: ಒಗರು, ಹುಳಿ, ಆಮೇಲೆ ಮೂಗಿಗೇರುವ ಕಸ್ತೂರಿಯಂಥ ಘಮ. ಬಲ್ಲವರು ಇದನ್ನು ಅಮೆರಿಕ ಮೂಲದ ಇಸಬೆಲ್ಲಾ ತಳಿ ಎನ್ನುತ್ತಾರೆ. ಆ ಘಮ ಫ್ರೆಂಚರಿಗಾಗದು. 1934ರಲ್ಲಿ ಕಾನೂನನ್ನೇ ಮಾಡಿ ಈ ತಳಿಯನ್ನು ವೈನ್‌ನಿಂದ ಹೊರಗಿಟ್ಟರು. ಇಡಲಿ, ನಮಗೇ ಉಳಿಯಿತು.

ಆದರೂ ಷಾಂಪೇನ್ ಸೀಮೆಯವರೊಬ್ಬರು ನಂದಿಬೆಟ್ಟದ ಬುಡಕ್ಕೆ ಬಂದರು. ಬೂಝಿ ಊರಿನ ಜಾರ್ಜ್ ವೆಸೆಲ್, 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಅವರ ಜತೆ ಸೇರಿ ಇಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿ ನೋಡಿದರು. ಅವರ ಸೀಮೆಯಲ್ಲಿ ಬಳ್ಳಿಯನ್ನು ಚಳಿಗಾಲವೇ ಮಲಗಿಸುತ್ತದೆ. ರೈತನಿಗೆ ನಿದ್ದೆಗೇಡು ಏಪ್ರಿಲ್‌ನಲ್ಲಿ. ಚಿಗುರು ಹಿಮಕ್ಕೆ ಸುಟ್ಟುಹೋದೀತೆಂದು ಸಾಲುಗಳ ನಡುವೆ ಇರುಳಿಡೀ ಮೇಣದ ಡಬ್ಬಿ ಉರಿಸುತ್ತಾರೆ. ಕೊಯ್ಲು ಕೈಯಿಂದಲೇ ಆಗಬೇಕು. ಹೆಚ್ಚಿನ ಹಣ್ಣು ಕಪ್ಪು, ರಸ ಮಾತ್ರ ಬಿಳಿಯಿರಬೇಕಲ್ಲ! ಜಜ್ಜಿದರೆ ಬಣ್ಣ ಇಳಿಯುತ್ತದೆ. 4000 ಕಿಲೋ ಹಣ್ಣು ಹಿಂಡಿದರೆ 2550 ಲೀಟರ್‌ವರೆಗೆ ಮಾತ್ರ ತೆಗೆಯಬಹುದು. ಬಾಟಲಿಗೆ ಬಿದ್ದ ಮೇಲೂ ಕನಿಷ್ಠ 15 ತಿಂಗಳ ಕಾಯುವಿಕೆ.

ಚಿಕ್ಕಬಳ್ಳಾಪುರದ ಬಳ್ಳಿಗೆ ಅಂಥ ಚಳಿಗಾಲ ಎಲ್ಲಿಂದ ಬರಬೇಕು? ಬಿಟ್ಟರೆ ಚಿಗುರುತ್ತಲೇ ಇರುತ್ತದೆ. ಕಲ್ಲುಕಂಬದ ಚಪ್ಪರದಡಿ ಕತ್ತೆತ್ತಿ ನಿಂತು, ಕತ್ತರಿ ಹಿಡಿದು ರೈತನೇ ಋತು ತಿರುಗಿಸಬೇಕು. ವರ್ಷಕ್ಕೆ ಎರಡು ಸಲ ಸವರಿದರೆ ಎರಡು ಬೆಳೆ. ಕಾಯುವ ಸುಖ ಮಾತ್ರ ಇಲ್ಲ. ರಾತ್ರಿ ಲಾರಿಗೇರಿದ ಹಣ್ಣು ಬೆಳಗಾಗುವಷ್ಟರಲ್ಲಿ ಮಾರಿಹೋಗಬೇಕು.

ಹೂವಿನ ಹೊತ್ತಿಗೆ ಮಳೆ ಹಿಡಿದರೆ ಬೂಜುರೋಗ. ಅದಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ. ನಮ್ಮ ಅಡಿಕೆಗೆ ಹೊಡೆಯುತ್ತಾರಲ್ಲ, ಅದೇ. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಈ ರೋಗಕ್ಕೆಂದೇ ಹುಟ್ಟಿದ ಮದ್ದು. ಹೊಡೆದು ಬಂದವನ ಅಂಗಿ, ತೋಳು, ಚಪ್ಪರದ ಕಂಬ ಎಲ್ಲಾ ತಿಳಿನೀಲಿ. ನಮ್ಮ ಮನೆಯಾಕೆ ಇದನ್ನೆಲ್ಲ ಕಂಡವಳು. ಉಪ್ಪುನೀರಿನಲ್ಲಿ ನೆನೆಹಾಕಿ ತೊಳೆಯದೆ ಒಂದು ಕಾಳನ್ನೂ ಮುಟ್ಟಗೊಡುವುದಿಲ್ಲ, ಕಂಬಂನದಾದರೂ ಅಷ್ಟೆ, ನಮ್ಮೂರಿನದಾದರೂ ಅಷ್ಟೆ.